ನೀಲಿ ಅಂಗಿಯ ಸೊಂಟದಳತೆ

ಫೆಬ್ರವರಿ ೩

ಪ್ರೀತಿಯ ಗುಂಡುಸೂಜಿ,

ಈ ಪೊಟ್ಟಣದಲ್ಲಿರುವ ನೀಲಿ ಉದ್ದಂಗಿ ನಿನಗೆ. ಹೊಸ ಕೆಲಸ ಸಿಕ್ಕ ಮೇಲೆ ಹೊಸ ಬಟ್ಟೆ ಬೇಡವೇ? ಆ ಪ್ರೆಸ್ಸಿನಲ್ಲಿ ಉಳಿದವರು ಏನು ಉಟ್ಟು ಬರುತ್ತಾರೋ ನೀನು ಹೇಳಲಿಲ್ಲ. ಫೋನಿನಲ್ಲಿ ಕೇಳಿದರೆ ‘ಹ್ಞೂಂ’ ಬಿಟ್ಟು ನಿನ್ನ ಬಾಯಿಂದ ಬೇರೇನೂ ಹೊರಡುವುದಿಲ್ಲ. ಕಾಗದದಲ್ಲಾದರೆ ನಾಲ್ಕು ಸಾಲು ಬರೆಯುತ್ತೀಯೆಂದು ನಾನೂ ಕಾಗದವನ್ನೇ ಹಿಡಿದಿದ್ದೇನೆ. ಪುಸ್ತಕದ ಕರಡು ತಿದ್ದುವವಳೆಂದು ನನ್ನ ಕಾಗದಕ್ಕೂ ಕೆಂಪು ಶಾಯಿ ಹಾಕಿ ವಾಪಸ್ ಕಳಿಸಬೇಡ.

ಅಳತೆ ಕೇಳಲಿಲ್ಲ. ಕೇಳುವುದೇನಿದೆ? ನೀನು ಕಾಲೇಜಿಗೆ ಹೋಗತೊಡಗಿದಾಗಿನಿಂದ ನನ್ನ ಅಳತೆಗೆ ಕತ್ತರಿಸಿಟ್ಟ ಕಾಗದದ ಕಟಿಂಗೇ ನಿನಗೂ. ಇಬ್ಬರದೂ ಒಂದೇ ಅಚ್ಚು, ಮಾಂಸ ಕಡಿಮೆ, ಮೂಳೆ ಜಾಸ್ತಿ. ಗೋಡೆಯ ಮೊಳೆಗೆ ನೇತುಹಾಕಿರುವ ಅದೇ ದಪ್ಪ ಕಾಗದವನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣ ಎಳೆದು ಕತ್ತರಿಸಿದೆ. ಸೊಂಟದಿಂದ ಕೆಳಗೆ ಮಾತ್ರ ಕಾಗದಕ್ಕೆ ಒಂದು ಪಟ್ಟಿ ಅಂಟಿಸಿ ಅಗಲ ಮಾಡಿದ್ದೇನೆ. ಈಗ ಬರುತ್ತಿರುವ ಬಟ್ಟೆ ಬಲು ಮೋಸ ಕಣೇ ಗುಂಡು. ನೀರಿಗೆ ಬಿದ್ದರೆ ಸಾಕು ಕುಗ್ಗುತ್ತದೆ. ನನ್ನ ಲಂಗ, ನನ್ನ ಮನೆಯಂಗಿ, ಹೋದ ವರ್ಷ ಹೊಲಿದುಕೊಂಡ ಹಸಿರು ಅಂಗಿ, ಎಲ್ಲ ಸೊಂಟದಲ್ಲಿ ಹಿಡಿಯುತ್ತಿವೆ. ಮಗ್ಗುಲ ಹೊಲಿಗೆ ಬಿಚ್ಚಿ ಬಿಚ್ಚಿ ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಮುಗಿಯಿತು. ಬಟ್ಟೆ ಅಂಗಡಿಯವನಿಗೆ ಹೇಳಿದರೆ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾನೆ.

ನಮ್ಮ ಹೊಲಿಗೆ ಅಂಗಡಿಯ ಇಸ್ತ್ರಿಯವಳದು ಬೇರೆಯೇ ರಾಗ. “ಏನಕ್ಕಾ, ಯಾರಿಗೂ ಗೊತ್ತಾಗದ ಹಾಗೆ ಬೆಣ್ಣೆ ತಿಂತಿದ್ದೀಯಾ?” ಎಂದು ನಿನ್ನೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕೇಳಿದಳು. “ನಿನ್ನ ಇಸ್ತ್ರಿಯ ಬಿಸಿಗೇ ಬಟ್ಟೆಯೆಲ್ಲ ಮುದುರೋದು” ಎಂದೆ. ಮಧ್ಯಾಹ್ನದವರೆಗೆ ಮುಖ ಊದಿಸಿಕೊಂಡಿದ್ದಳು.

ಉಳಿದಂತೆ ಎಲ್ಲ ಸುಖ. ದೊಡ್ಡಪ್ಪ ಅವರ ಹಳೆಯ ಗಡಿಯಾರಗಳನ್ನು ಬಿಚ್ಚುತ್ತಾರೆ, ಜೋಡಿಸುತ್ತಾರೆ. ಪ್ರತಿಸಲ ಒಂದು ತಿರುಪು ಉಳಿಯುತ್ತದೆ. ನನಗೇ ಈಚೆಗೆ ಮೆಷಿನ್ ಬಿಟ್ಟು ಬಚ್ಚಲಿಗೆ ಏಳುವುದು ಜಾಸ್ತಿಯಾಗಿದೆ. ವಯಸ್ಸು ತಾನೇ.

ಅಲ್ಲಿ ನಿನ್ನ ಜೊತೆ ಊಟಕ್ಕೆ ಯಾರು ಕೂರುತ್ತಾರೆ? ಅದನ್ನು ಬರೆ.

ನಿನ್ನ ದೊಡ್ಡಮ್ಮ


ಫೆಬ್ರವರಿ ೧೪

ದೊಡ್ಡಮ್ಮ,

ಅಂಗಿ ತಲುಪಿತು. ಬಣ್ಣ ಬಹಳ ಇಷ್ಟವಾಯಿತು. ನೀನು ಕತ್ತಿನ ಪಟ್ಟಿಯನ್ನು ಎಷ್ಟು ಸಣ್ಣಗೆ ಮಡಿಸಿದ್ದೀಯೆಂದು ದೀಪದ ಕೆಳಗೆ ಹಿಡಿದು ಹೊಲಿಗೆ ಎಣಿಸಿದೆ. ಭುಜ, ತೋಳು, ಎದೆ ಎಲ್ಲ ಸರಿಯಾಗಿ ಕೂರುತ್ತವೆ. ಸೊಂಟದಲ್ಲಿ ಸ್ವಲ್ಪ ಸಡಿಲ. ಎರಡು ಸಲ ಒಗೆದೆ, ಕುಗ್ಗಲಿಲ್ಲ. ಪರವಾಗಿಲ್ಲ, ಗಾಳಿಯಾಡುತ್ತದೆ.

ನನ್ನ ಕೋಣೆಗೆ ಒಂದೇ ಕಿಟಕಿ. ಅದರಿಂದ ಎದುರುಮನೆಯ ಮಹಡಿ ಮೆಟ್ಟಿಲು ಮಾತ್ರ ಕಾಣುತ್ತದೆ. ಯಾರು ಚಪ್ಪಲಿ ಎಳೆಯುತ್ತ ಹತ್ತುತ್ತಾರೆ, ಯಾರು ಎರಡೆರಡು ಮೆಟ್ಟಿಲು ಹಾರುತ್ತಾರೆ ಎಂದು ಈಗ ಸದ್ದಿನಿಂದಲೇ ಗೊತ್ತಾಗುತ್ತದೆ. ಪ್ರೆಸ್ಸಿನಲ್ಲಿ ನನ್ನ ಮೇಜು ಗೋಡೆಯ ಮೂಲೆಗಿದೆ, ನನಗೆ ಬೇಕಾದ ಹಾಗೆ. ಈಗ ತಿದ್ದುತ್ತಿರುವುದು ಜೇನು ಸಾಕಣೆಯ ಪುಸ್ತಕ.

ಊಟಕ್ಕೆ ಪಕ್ಕದ ಮೇಜಿನವಳ ಜೊತೆ ಕೂರುತ್ತೇನೆ. ಒಳ್ಳೆಯ ಹುಡುಗಿ, ಮಾತು ಜಾಸ್ತಿ. ನೀನು ಚಿಂತೆ ಮಾಡಬೇಡ.

ನಿನ್ನ ಗುಂಡುಸೂಜಿ


ಫೆಬ್ರವರಿ ೨೪

ಗುಂಡು,

ಸೊಂಟದಲ್ಲಿ ಸಡಿಲವೇ? ಹಾಗಾದರೆ ನೀನು ಇಳಿದಿದ್ದೀಯ. ನನಗೆ ಅಂದೇ ಅನುಮಾನವಿತ್ತು. ಒಂಟಿ ಕೋಣೆ, ಒಂದು ಬರ್ನರಿನ ಒಲೆ, ಕೈಯಲ್ಲಿ ಪುಸ್ತಕ; ಒಲೆಯ ಮೇಲೆ ಇಟ್ಟದ್ದು ಸೀದು ಹೋದದ್ದೂ ಗೊತ್ತಾಗುವುದಿಲ್ಲ ನಿನಗೆ. ಬೆಳಗ್ಗೆ ಎರಡು ಮೊಟ್ಟೆ ತಿನ್ನು. ಆ ಮಾತಿನ ಹುಡುಗಿಗೆ ಹೇಳು, ನಿನ್ನ ಬುತ್ತಿ ಖಾಲಿಯಾಗುವವರೆಗೆ ಏಳಲು ಬಿಡಬಾರದೆಂದು ದೊಡ್ಡಮ್ಮನ ಅಪ್ಪಣೆ.

ನನ್ನ ಕತ್ತರಿಯ ಮೇಲೆ ತಪ್ಪು ಹೊರಿಸಬೇಡ. ಅದೇ ಕಟಿಂಗಿನಲ್ಲಿ ನನಗೂ ಒಂದು ಅಂಗಿ ಹೊಲಿದುಕೊಂಡೆ; ನನಗೆ ಹಿತವಾಗಿ ಕೂತಿದೆ. ಕಡುಕಂದು ಬಣ್ಣದ್ದು. ಈಚೆಗೆ ಎಲ್ಲ ಗಾಢಬಣ್ಣದ್ದೇ ಹೊಲಿದುಕೊಳ್ಳುತ್ತಿದ್ದೇನೆ. ಹೊತ್ತು ಹೊತ್ತಿಗೆ ಒಗೆಯುವ ಗೋಳು ಇರುವುದಿಲ್ಲ.

ದೊಡ್ಡಪ್ಪ ಸೋಫಾದ ಮೇಲೆ ಮಲಗತೊಡಗಿದ್ದಾರೆ. ನಾನೇ ಕಳಿಸಿದೆ. ಗೊರಕೆ.

ಸಡಿಲವಿದ್ದಲ್ಲಿ ಮಗ್ಗುಲಿಗೆ ಕಚ್ಚಾ ಹೊಲಿಗೆ ಹಾಕಿಕೋ. ಮೈ ತುಂಬಿದ ಮೇಲೆ ಬಿಚ್ಚಿದರಾಯಿತು.

ದೊಡ್ಡಮ್ಮ


ಮಾರ್ಚ್ ೮

ದೊಡ್ಡಮ್ಮ,

ಇದನ್ನು ಓದುವಾಗ ನಗು ಬಂದರೆ ನಗು. ಆದರೆ ಕೊನೆಯವರೆಗೆ ಓದು.

ಸೋಮವಾರ ನೀಲಿ ಅಂಗಿ ಹಾಕಿಕೊಂಡು ಹೋಗಿದ್ದೆ. ಕಚ್ಚಾ ಹೊಲಿಗೆ ಹಾಕಿರಲಿಲ್ಲ. ನಮ್ಮಲ್ಲಿ ಪುಟ ಜೋಡಿಸುವ ಹಿರಿಯ ಮೇಡಂ ಒಬ್ಬರಿದ್ದಾರೆ. ಕನ್ನಡಕ ಮೂಗಿನ ತುದಿಯಲ್ಲಿ, ದನಿ ಮಾತ್ರ ಮೂರು ಕೋಣೆ ದಾಟುತ್ತದೆ. ನಾನು ಮೆಟ್ಟಿಲು ಹತ್ತುತ್ತಿದ್ದಾಗ ಅವರು ನಿಲ್ಲಿಸಿ, “ಎಷ್ಟು ತಿಂಗಳಮ್ಮಾ?” ಎಂದರು. ಕೆಲಸಕ್ಕೆ ಸೇರಿ ಎಷ್ಟು ತಿಂಗಳೆಂದು ಕೇಳುತ್ತಿದ್ದಾರೆ ಅಂದುಕೊಂಡು “ಎರಡು” ಎಂದೆ. ಅವರು ನನ್ನ ಹೊಟ್ಟೆ ನೋಡಿ, “ಎರಡಕ್ಕೇ ಇಷ್ಟಾ? ಅವಳಿ ಇರಬೇಕು. ಇನ್ಮೇಲೆ ನೀನು ಹತ್ತಬೇಡ, ನಿನ್ನ ಕರಡು ಕೆಳಗೇ ಕಳಿಸ್ತೀನಿ” ಎಂದರು. ಆಗ ಅರ್ಥವಾಯಿತು. ಅರ್ಥವಾದ ಮೇಲೆ ಹೇಳಬೇಕಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಎರಡು ದಿನ ಇಡೀ ಪ್ರೆಸ್ಸು ನನಗೆ ಕುರ್ಚಿ ಬಿಟ್ಟುಕೊಟ್ಟಿತು. ಬೈಂಡಿಂಗಿನವರು ಬೆನ್ನಿಗೊಂದು ದಿಂಬು ತಂದಿಟ್ಟರು. ನಾನು ಅದಕ್ಕೆ ಒರಗಿಕೊಂಡು ಜೇನುಹುಳುಗಳ ಕಾಗುಣಿತ ತಿದ್ದಿದೆ.

ಬುಧವಾರ ಹಳೆಯ ಅಂಗಿ ಹಾಕಿಕೊಂಡು ಹೋದೆ. ಮೇಡಂ ಗಾಬರಿಯಿಂದ ಎದ್ದು ಬಂದರು. ಕೊನೆಗೂ ಹೇಳಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನ ನೀಲಿ ಅಂಗಿ ತರಿಸಿ, ಮೇಜಿನ ಮೇಲೆ ಹರಡಿ, ಕೈಯಾಡಿಸಿ ನೋಡಿದರು. “ಹೊಲಿದವರು ಪಕ್ಕಾ ಕೈ. ಭುಜ ನೋಡು, ತೋಳು ನೋಡು. ಇಂಥವರು ಹೊಟ್ಟೆಯ ಹತ್ತಿರ ಸುಮ್ಮನೆ ಇಷ್ಟು ಬಿಡಲ್ಲ. ಇದು ಯಾವುದೋ ಹೊಟ್ಟೆಗೆ ಹೊಂದಿಸಿ ಹೊಲಿದಿರೋದು. ಯಾರದು?” ಎಂದರು.

ಆ ಪ್ರಶ್ನೆಯನ್ನು ಇಟ್ಟುಕೊಂಡು ಮನೆಗೆ ಬಂದೆ. ದಾರಿಯಲ್ಲಿ ಔಷಧದ ಅಂಗಡಿಯ ತಕ್ಕಡಿ ಹತ್ತಿ ನೋಡಿದೆ. ನಾನು ಇಳಿದಿಲ್ಲ, ದೊಡ್ಡಮ್ಮ. ನಿನ್ನ ಮನೆ ಬಿಟ್ಟಾಗ ಎಷ್ಟಿದ್ದೆನೋ ಅಷ್ಟೇ ಇದ್ದೇನೆ.

ಬಟ್ಟೆ ಕುಗ್ಗಿದರೆ ತೋಳೂ ಕುಗ್ಗಬೇಕು, ಉದ್ದವೂ ಕುಗ್ಗಬೇಕು. ಹೊಟ್ಟೆಯ ಹತ್ತಿರ ಮಾತ್ರ ಕುಗ್ಗುವ ಬಟ್ಟೆ ಎಲ್ಲಿ ಸಿಗುತ್ತದೆ? ನಿನ್ನ ಎರಡು ಕಾಗದಗಳನ್ನೂ ಮತ್ತೆ ಓದಿದೆ. ಕಪ್ಪು ಬಟ್ಟೆಯ ಮೇಲೆ ದಾರ ಕಾಣುವುದಿಲ್ಲ, ಕಣ್ಣಿಗೆ ಹಿಂಸೆ ಎಂದು ಜೀವಮಾನವೆಲ್ಲ ಬೈದವಳು ಈಗ ಗಾಢಬಣ್ಣ ಯಾಕೆ? ದೊಡ್ಡಪ್ಪನ ಗೊರಕೆ ನಾನು ಹುಟ್ಟುವ ಮೊದಲಿನದು; ಅವರು ಸೋಫಾಕ್ಕೆ ಯಾಕೆ?

ಎದುರಿಗಿದ್ದರೆ ಇದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ತಿಂಗಳದ್ದು, ನಿಂತುಹೋದದ್ದು, ಮತ್ತೆ ಕಾಣಿಸುತ್ತಿದೆಯಾ? ಇದ್ದರೆ ಡಾಕ್ಟರ ಹತ್ತಿರ ಹೋಗು. ದಯವಿಟ್ಟು.

ಗುಂಡುಸೂಜಿ


ಮಾರ್ಚ್ ೧೭

ಗುಂಡು,

ಶಾಲೆಯ ಸಮವಸ್ತ್ರದ ಕೆಲಸ ಕುತ್ತಿಗೆಯವರೆಗೆ ಬಂದಿದೆ. ಉದ್ದ ಬರೆಯಲು ಪುರಸೊತ್ತಿಲ್ಲ. ನಿನ್ನ ಪ್ರೆಸ್ಸಿನ ಕಥೆಯನ್ನು ಇಸ್ತ್ರಿಯವಳಿಗೆ ಓದಿ ಹೇಳಿದೆ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನಕ್ಕಳು.

ನನಗೇನೂ ಆಗಿಲ್ಲ. ಸಾಹಿತ್ಯ ಓದಿದವರಿಗೆ ಎಲ್ಲದರಲ್ಲೂ ಒಳಾರ್ಥ ಕಾಣುತ್ತದೆ. ಇದು ಬರೀ ಬಟ್ಟೆ.

ದೊಡ್ಡಮ್ಮ


ಮಾರ್ಚ್ ೨೩

ದೊಡ್ಡಮ್ಮ,

ನೀಲಿ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ವಾಪಸ್ ಕಳಿಸುತ್ತಿದ್ದೇನೆ. ಒಂದು ಹೊಲಿಗೆಯನ್ನೂ ಮುಟ್ಟಿಲ್ಲ.

ಹಾಕಿಕೊಂಡು ದೊಡ್ಡ ಕನ್ನಡಿಯ ಮುಂದೆ ನಿಲ್ಲು. ಟೇಪನ್ನು ಇಸ್ತ್ರಿಯವಳ ಕೈಗೆ ಕೊಡು. ನೀನು ಗಿರಾಕಿಗಳಿಗೆ ಹೇಳುವುದನ್ನೇ ನಿನಗೂ ಹೇಳುತ್ತೇನೆ: ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ, ಉಸಿರು ಬಿಡು, ನೇರ ನೋಡು.

ಆಮೇಲೆ ಬರೆ. ನಿಜವಾದ ಅಳತೆಯನ್ನೇ ಬರೆ.

ಗುಂಡುಸೂಜಿ


ಏಪ್ರಿಲ್ ೪

ನನ್ನ ಗುಂಡು,

ಪೊಟ್ಟಣವನ್ನು ಎರಡು ದಿನ ಬಿಚ್ಚಲಿಲ್ಲ. ಸಿಟ್ಟು ಬಂದಿತ್ತು. ನಾನು ಹೊಲಿದ ಬಟ್ಟೆ ಇದುವರೆಗೆ ಯಾರಿಂದಲೂ ವಾಪಸ್ ಬಂದಿರಲಿಲ್ಲ.

ಮೂರನೆಯ ದಿನ ಹಾಕಿಕೊಂಡೆ. ಎರಕ ಹೊಯ್ದ ಹಾಗೆ ಕೂತಿತು. ಒಂದು ಕಡೆಯೂ ಸಡಿಲವಿಲ್ಲ, ಒಂದು ಕಡೆಯೂ ಬಿಗಿಯಿಲ್ಲ. ನಿನಗೆಂದು ಕತ್ತರಿಸಿದ್ದೆ, ನನ್ನ ಕೈ ನನಗೆ ಹೊಲಿದಿತ್ತು. ಊರಿನವರ ಸೊಂಟವನ್ನೆಲ್ಲ ಅಳೆದವಳು ನನ್ನ ಸೊಂಟಕ್ಕೆ ಟೇಪು ಸುತ್ತಿ ಎಷ್ಟು ವರ್ಷವಾಯಿತೋ. ಗೋಡೆಯ ಮೇಲಿನ ಕಾಗದವೇ ನಾನು ಅಂದುಕೊಂಡಿದ್ದೆ. ಇಸ್ತ್ರಿಯವಳು ಅಳೆದಳು. ಅವಳೂ ತಮಾಷೆ ಮಾಡಲಿಲ್ಲ. “ಅಕ್ಕಾ, ಚಪ್ಪಲಿ ಹಾಕ್ಕೋ, ಈಗಲೇ ಹೋಗೋಣ” ಎಂದಳು.

ನೀನು ಕೇಳಿದ್ದು ನಿಜ. ಹೊಸ ವರ್ಷಕ್ಕೆ ಮೊದಲಿನಿಂದಲೇ ಕಾಣಿಸುತ್ತಿತ್ತು. ಮೊದಲು ಒಂದು ಕಲೆ, ಆಮೇಲೆ ಜಾಸ್ತಿ. ನಿಂತು ಹತ್ತು ವರ್ಷದ ಮೇಲಾಗಿದೆ. ಯಾರಿಗೆ ಹೇಳಲಿ, ಏನೆಂದು ಹೇಳಲಿ? ಹಾಸಿಗೆಗೆ ಕಲೆಯಾದೀತೆಂದು ನಿನ್ನ ದೊಡ್ಡಪ್ಪನನ್ನು ಹೊರಗೆ ಹಾಕಿದೆ. ಅವರು ದಿಂಬು ಎತ್ತಿಕೊಂಡು ಹೋದರು.

ಲೇಡಿ ಡಾಕ್ಟರು ನಿನಗಿಂತ ಸ್ವಲ್ಪ ದೊಡ್ಡವಳಿರಬೇಕು. ಬಟ್ಟೆ ಕುಗ್ಗಿದ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, “ಅಮ್ಮಾ, ಮುಟ್ಟು ನಿಂತ ಮೇಲೆ ಒಂದು ಹನಿ ಕಂಡ್ರೂ ಬರಬೇಕು. ಏನೂ ಇಲ್ಲದೇನೂ ಇರಬಹುದು. ಆದ್ರೆ ಏನೂ ಇಲ್ಲ ಅನ್ನೋದನ್ನ ನಾವು ಹೇಳಬೇಕು, ನೀವಲ್ಲ” ಎಂದಳು. ಸ್ಕ್ಯಾನ್ ಮಾಡಿದಳು. ಗರ್ಭಕೋಶದಲ್ಲಿ ಗಡ್ಡೆಗಳಿವೆಯಂತೆ. ಎರಡು ಸಣ್ಣವು, ಒಂದು ದೊಡ್ಡದು. ಮೂತ್ರಕೋಶವನ್ನು ಅದೇ ಒತ್ತುತ್ತಿರುವುದು. ಇಂಥ ಗಡ್ಡೆ ಬಹಳ ಹೆಂಗಸರಿಗೆ ಇರುತ್ತದಂತೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಚಿಕ್ಕದಾಗುತ್ತದಂತೆ. “ನಿಮ್ಮದು ಬೆಳೀತಿರೋ ಹಾಗಿದೆ. ಅದಕ್ಕೇ ಸುಮ್ಮನೆ ಬಿಡೋ ಹಾಗಿಲ್ಲ” ಎಂದಳು. ಒಳಪದರದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾಳೆ. ಕ್ಯಾನ್ಸರ್ ಅನ್ನುವ ಮಾತನ್ನು ಅವಳೇ ಎತ್ತಿದಳು, ನಾನು ಕೇಳುವ ಮೊದಲೇ. ಹಾಗೆ ನೇರವಾಗಿ ಹೇಳಿದ್ದು ನನಗೆ ಹಿಡಿಸಿತು.

ಗುಂಡಿ ತರಲು ಹೋಗುತ್ತೇವೆಂದು ಮನೆಯಲ್ಲಿ ಹೇಳಿ ಹೋಗಿದ್ದೆವು. ವಾಪಸ್ ಬಂದಾಗ ದೊಡ್ಡಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಮೇಲೆ ಬಗ್ಗಿದ್ದರು. ತಲೆ ಎತ್ತದೆಯೇ, “ಗುಂಡಿ ತರೋಕೆ ಇಬ್ಬರು ಯಾಕೆ ಹೋಗಬೇಕು? ಡಾಕ್ಟರು ಏನಂದ್ರು?” ಎಂದರು. ಕೂತು ಎಲ್ಲ ಹೇಳಿದೆ. ಆ ಗಡಿಯಾರವನ್ನು ಅವರು ಇನ್ನೂ ಜೋಡಿಸಿಲ್ಲ.

ನೀನು ಹೆದರಬೇಡ. ನಾನು ಸ್ವಲ್ಪ ಹೆದರಿದ್ದೇನೆ, ಅಷ್ಟು ಸಾಕು.

ದೊಡ್ಡಮ್ಮ


ಏಪ್ರಿಲ್ ೧೧

ದೊಡ್ಡಮ್ಮ,

ನಿನ್ನ ಕಾಗದವನ್ನು ಪ್ರೆಸ್ಸಿನ ಊಟದ ಕೋಣೆಯಲ್ಲಿ ಓದಿದೆ. ಓದಿ ಮುಗಿಸಿದಾಗ ಎದುರಿಗೆ ಪುಟದ ಮೇಡಂ ನಿಂತಿದ್ದರು. ಏನಾಯಿತೆಂದು ಅವರು ಕೇಳಲೂ ಇಲ್ಲ, ನಾನೇ ಬಾಯಿಬಿಟ್ಟೆ. ಅದೂ ಅಷ್ಟು ಜನರ ಮುಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಆಮೇಲೆ ಆದದ್ದನ್ನು ನೀನು ನೋಡಬೇಕಿತ್ತು. ಮೇಡಂಗೂ ಗಡ್ಡೆ ಇತ್ತಂತೆ, ತೆಗೆಸಿ ಬಹಳ ವರ್ಷವಾಯಿತಂತೆ. “ಕಲ್ಲಂಗಡಿಯಷ್ಟು” ಎಂದರು. ಲೆಕ್ಕಪತ್ರದವರು, “ಹೋದ ಸಲ ಮೂಸಂಬಿಯಷ್ಟು ಅಂದಿದ್ರಿ” ಎಂದರು. “ಗಡ್ಡೆ ನನ್ನದು, ಹಣ್ಣು ನನ್ನಿಷ್ಟ” ಎಂದರು ಮೇಡಂ. ಬೈಂಡಿಂಗಿನವರ ಅಕ್ಕನಿಗೆ ಇದೆಯಂತೆ, ಚಿಕ್ಕದು, ವರ್ಷಕ್ಕೊಮ್ಮೆ ನೋಡಿಸಿಕೊಂಡು ಹಾಗೇ ಇದ್ದಾರಂತೆ. ಮೇಜಿನ ಸುತ್ತ ಇಷ್ಟೊಂದು ಹೆಂಗಸರು, ಒಬ್ಬೊಬ್ಬರ ಹತ್ತಿರ ಒಂದೊಂದು ಕಥೆ. ನೀನು ಕಡುಕಂದು ಅಂಗಿ ಹೊಲಿದುಕೊಂಡು ಒಬ್ಬಳೇ ಕೂತಿದ್ದೆಯಲ್ಲ ಎನಿಸಿತು.

ಪಕ್ಕದ ಮೇಜಿನಲ್ಲಿ ಯಾವ ಹುಡುಗಿಯೂ ಇಲ್ಲ, ದೊಡ್ಡಮ್ಮ. ಅಲ್ಲಿ ಹಳೆಯ ಕರಡುಗಳ ಕಟ್ಟು ಇದೆ. ನಾನು ಒಬ್ಬಳೇ ಉಣ್ಣುತ್ತಿದ್ದೆ. ನೀನು ಕೊರಗುತ್ತೀಯೆಂದು ಹಾಗೆ ಬರೆದೆ. ಈಗ ಹಾಗಿಲ್ಲ. ಈಗ ನನ್ನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ನಾಲ್ಕು ಕೈಗಳು ನಾಲ್ಕು ಕಡೆಯಿಂದ ಏನಾದರೂ ಬಡಿಸುತ್ತವೆ.

ಫಲಿತಾಂಶ ಬಂದ ತಕ್ಷಣ ತಿಳಿಸು. ಆ ಒಂದು ಸಲ ಫೋನ್ ಮಾಡು. ‘ಹ್ಞೂಂ’ ಅನ್ನುವುದಿಲ್ಲ.

ಗುಂಡುಸೂಜಿ


ಏಪ್ರಿಲ್ ೨೧

ಗುಂಡು,

ಮೊನ್ನೆ ಫೋನಿನಲ್ಲಿ ನೀನು ‘ಹ್ಞೂಂ’ ಅನ್ನಲಿಲ್ಲ, ನಿಜ. ಅತ್ತುಬಿಟ್ಟೆ. ಒಳಪದರದಲ್ಲಿ ಕೆಟ್ಟದ್ದೇನೂ ಇಲ್ಲವೆಂದರೆ ಅಳುವುದು ಯಾಕೆ?

ಆದರೆ ಕೆಲಸ ಮುಗಿದಿಲ್ಲ. ದೊಡ್ಡ ಗಡ್ಡೆ ಎಂಥದೆಂದು ಹೊರಗೆ ತೆಗೆದ ಮೇಲೆಯೇ ಖಚಿತವಾಗುವುದಂತೆ. ಸಾಮಾನ್ಯ ಗಡ್ಡೆಯೇ ಇರಬೇಕು ಎನ್ನುತ್ತಾಳೆ ಡಾಕ್ಟರು, ಆದರೂ ಬೆಳೆಯುತ್ತಿರುವುದನ್ನು ಇಟ್ಟುಕೊಂಡು ಕೂರುವುದು ಬೇಡವಂತೆ. ಮುಂದಿನ ತಿಂಗಳ ಮೊದಲ ವಾರ ಗರ್ಭಕೋಶವನ್ನೇ ತೆಗೆಯುತ್ತಾರೆ. “ಈ ವಯಸ್ಸಲ್ಲಿ ಅದರಿಂದ ಏನು ಉಪಯೋಗ, ತೆಗೆಸಿಬಿಡಿ” ಎಂದು ಅಲ್ಲಿ ಕೂತಿದ್ದ ಯಾರೋ ಹೆಂಗಸು ಹೇಳಿದಳು. ನನಗೆ ಅದರಿಂದ ಯಾವ ವಯಸ್ಸಿನಲ್ಲೂ ಉಪಯೋಗವಾಗಲಿಲ್ಲ ಎಂದು ಅವಳಿಗೆ ಹೇಗೆ ಗೊತ್ತಿರಬೇಕು?

ನಿನಗೊಂದು ಹೇಳುತ್ತೇನೆ, ಬೇರೆ ಯಾರಿಗೂ ಹೇಳಿಲ್ಲ. ನೀಲಿ ಅಂಗಿ ಹಾಕಿಕೊಂಡ ದಿನ ಇಸ್ತ್ರಿಯವಳನ್ನು ಕರೆಯುವ ಮೊದಲು ನಾನು ಕನ್ನಡಿಯ ಮುಂದೆ ಅಡ್ಡ ತಿರುಗಿ ನಿಂತೆ. ಪ್ರೆಸ್ಸಿನವರು ಬಸುರಿಯ ಹೊಟ್ಟೆ ಅಂದುಕೊಂಡದ್ದು ಸರಿ, ನೋಡಿದರೆ ಐದು ತಿಂಗಳಿನದೇ. ಅಂಥ ಹೊಟ್ಟೆಗೆ ನಾನು ಎಷ್ಟು ಜನರಿಗೆ ಅಂಗಿ ಹೊಲಿದಿದ್ದೇನೆ. ಕೆಳಗೆ ಒಂದು ಕೈ ಇಟ್ಟುಕೊಂಡು ಅವರು ನಿಲ್ಲುತ್ತಾರಲ್ಲ, ಹಾಗೆ ನಿಂತು ನೋಡಿದೆ. ಸ್ವಲ್ಪ ಹೊತ್ತು. ಆಮೇಲೆ ನಗು ಬಂತು.

ನನ್ನ ತಂಗಿ ನಿನ್ನನ್ನು ಹೆತ್ತಳು. ಅವಳು ಹೋದ ಮೇಲೆ ನಾನು ನಿನಗೆ ಅಂಗಿ ಹೊಲಿದೆ. ಒಂದೊಂದು ವರ್ಷಕ್ಕೆ ಒಂದೊಂದು ಅಳತೆ. ನನಗೇನೂ ಕಡಿಮೆಯಾಗಿಲ್ಲ.

ರಜೆ ಹಾಕಿ ಬಾ. ದೊಡ್ಡಪ್ಪ ಅಡುಗೆ ಕಲಿಯುತ್ತಿದ್ದಾರೆ. ಅಲ್ಲೂ ಪ್ರತಿಸಲ ಏನಾದರೊಂದು ಹಾಕದೆ ಉಳಿಯುತ್ತದೆ.

ದೊಡ್ಡಮ್ಮ


ಜೂನ್ ೬

ಗುಂಡು,

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ. ಆಪರೇಷನ್ ಆದ ಮೇಲೆ ಇಪ್ಪತ್ತು ದಿನ ನನ್ನನ್ನು ಹಾಸಿಗೆಯಿಂದ ಏಳದಂತೆ ಕಾದವಳು ಆ ನಾಚಿಕೆಯ ಹುಡುಗಿಯೇ ಎಂದು ಇಸ್ತ್ರಿಯವಳು ಇನ್ನೂ ಕೇಳುತ್ತಾಳೆ. ನರ್ಸಿಗೆ ನೀನು ದಬಾಯಿಸಿದ್ದನ್ನು ಅವಳು ಬೀದಿಗೆಲ್ಲ ಅಭಿನಯಿಸಿ ತೋರಿಸಿದ್ದಾಳೆ.

ಕೊನೆಯ ಫಲಿತಾಂಶ ಇಂದು ಬಂತು. ಸಾಮಾನ್ಯ ಗಡ್ಡೆ. ಕೆಟ್ಟದ್ದೇನೂ ಇಲ್ಲ. ಡಾಕ್ಟರು ಎರಡು ಸಲ ಓದಿ ಹೇಳಿದಳು. ಇನ್ನು ಹೊಲಿಗೆ ಮಾಯುವುದಷ್ಟೇ ಬಾಕಿ. “ಹೊಲಿಗೆ ಹೇಗಿದೆ, ನೀವೇ ಹೇಳಿ” ಎಂದಳು ನಗುತ್ತ. ನೋಡಿದೆ. ನೇರವಾಗಿದೆ, ಆದರೆ ನಾನಾಗಿದ್ದರೆ ಇನ್ನೂ ಸಣ್ಣ ಹೊಲಿಗೆ ಹಾಕುತ್ತಿದ್ದೆ ಎಂದೆ.

ದೊಡ್ಡಪ್ಪ ಸೋಫಾದಿಂದ ದಿಂಬು ಹೊತ್ತು ವಾಪಸ್ ಬಂದಿದ್ದಾರೆ. ಗೊರಕೆಯೂ ಬಂದಿದೆ. ಆ ಗಡಿಯಾರವನ್ನೂ ಜೋಡಿಸಿದರು, ಈ ಸಲ ತಿರುಪು ಉಳಿಯಲಿಲ್ಲ. ಗಡಿಯಾರ ನಡೆಯುತ್ತಿಲ್ಲ, ಅದು ಬೇರೆ ಮಾತು.

ಮೆಷಿನ್ ತುಳಿಯಲು ಇನ್ನೂ ಅಪ್ಪಣೆಯಿಲ್ಲ, ಕತ್ತರಿ ಹಿಡಿಯಬಹುದು. ಮೊದಲು ಗೋಡೆಯ ಕಾಗದ ಇಳಿಸಿ, ಅಂಟಿಸಿದ್ದ ಪಟ್ಟಿಯನ್ನು ಕಿತ್ತೆ. ಕಾಗದವನ್ನು ಮತ್ತೆ ಮೊಳೆಗೆ ಹಾಕುವ ಮೊದಲು ಇಸ್ತ್ರಿಯವಳ ಕೈಯಲ್ಲಿ ನನ್ನ ಅಳತೆ ಹೊಸದಾಗಿ ತೆಗೆಸಿದೆ. ಇನ್ನು ಮೇಲೆ ವರ್ಷಕ್ಕೊಮ್ಮೆ ತೆಗೆಸುತ್ತೇನೆ.

ನಿನಗೆ ಬೇರೆ ಕಾಗದ ಕತ್ತರಿಸುತ್ತೇನೆ. ನನ್ನ ಕಟಿಂಗಿನಲ್ಲಿ ನಿನ್ನನ್ನು ಇಷ್ಟು ವರ್ಷ ತುರುಕಿದ್ದು ಸಾಕು. ಒಂದು ಟೇಪು ಇಟ್ಟಿದ್ದೇನೆ. ಯಾರ ಕೈಯಲ್ಲಾದರೂ ಅಳತೆ ತೆಗೆಸಿ ಕಳಿಸು. ನೀಲಿ ಅಂಗಿಯನ್ನು ಬಿಚ್ಚಿ ನಿನಗೆ ಹೊಂದಿಸಿ ಕೊಡುತ್ತೇನೆ.

ದೊಡ್ಡಮ್ಮ


ಜೂನ್ ೧೫

ದೊಡ್ಡಮ್ಮ,

ಫಲಿತಾಂಶವನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಬೈಂಡಿಂಗಿನವರು ಎಲ್ಲರಿಗೂ ಚಹಾ ತರಿಸಿದರು. ನಿನ್ನನ್ನು ಅಲ್ಲಿ ಒಬ್ಬರೂ ಕಂಡಿಲ್ಲ, ಆದರೆ ನಿನ್ನ ಸೊಂಟದ ಪರಿಚಯ ಎಲ್ಲರಿಗೂ ಇದೆ.

ಆಮೇಲೆ ಮೇಡಂ ನನ್ನನ್ನು ಕಾಗದದ ರೀಮುಗಳ ಹಿಂದೆ ನಿಲ್ಲಿಸಿ ನಿನ್ನ ಟೇಪಿನಿಂದ ಅಳತೆ ತೆಗೆದರು. ಲೆಕ್ಕಪತ್ರದವರು ಬರೆದುಕೊಂಡರು. ನಾನು ನಾಚಿ ಹೊಟ್ಟೆ ಒಳಗೆ ಎಳೆದುಕೊಂಡೆ. “ಉಸಿರು ಬಿಡೇ” ಎಂದು ಮೇಡಂ ಬೆನ್ನಿಗೊಂದು ಕೊಟ್ಟರು. ಬಿಟ್ಟೆ.

ಭುಜ ಮೊದಲಿನಷ್ಟೇ. ತೋಳಿನ ಉದ್ದ ಮೊದಲಿನಷ್ಟೇ. ಸೊಂಟ ನಿನ್ನ ಹಳೆಯ ಕಾಗದಕ್ಕಿಂತ ಒಂದೂವರೆ ಇಂಚು ಜಾಸ್ತಿ ಬಂದಿದೆ. ಹೆದರಬೇಡ. ತೋಳಿಗೂ ಕೆನ್ನೆಗೂ ಸ್ವಲ್ಪ ಸ್ವಲ್ಪ ಹಂಚಿಕೆಯಾಗಿದೆ ಎಂದು ಮೇಡಂ ಹಿಂಡಿ ನೋಡಿ ಹೇಳಿದ್ದಾರೆ. ದಿನವೂ ನಾಲ್ಕು ಡಬ್ಬಿಗಳ ಊಟ, ಅಷ್ಟೇ.

ಆ ಒಂದೂವರೆ ಇಂಚನ್ನೂ ಸೇರಿಸಿ ಕತ್ತರಿಸು. ಬಟ್ಟೆಯದೇನೂ ತಪ್ಪಿಲ್ಲ.

ನಿನ್ನ ಗುಂಡುಸೂಜಿ